ಇದ್ದಿಲ ಲೆಕ್ಕದ ಪುಸ್ತಕ

ಎಡಪುಟದಲ್ಲಿ ಅಂಗಡಿಯ ಸಾಲ:
ನಂಪೀಮಾ ಅರ್ಧ ಮೂಟೆ,
ಚಪಾತಿ ಮಾರುವ ಕಿಬೂಕಾ ಎರಡು ಡಬ್ಬಿ, ಹೋದ ತಿಂಗಳದೂ ಬಾಕಿ.
ಬಲಪುಟದಲ್ಲಿ ನನ್ನ ತಮ್ಮ ಲುಟಾಯನ ಕಣ್ಣು.

ಬೋಡಾ ಓಡಿಸುತ್ತಿದ್ದ ಕಂಪಾಲದ ಏಳು ದಿಬ್ಬ ಹತ್ತಿಸಿ ಇಳಿಸಿ.
ಬಿದ್ದಾಗ ಹೆಲ್ಮೆಟ್ಟು ಹ್ಯಾಂಡಲಿಗೆ ತೂಗಿತ್ತಂತೆ.
ನನ್ನ ಕೈಗೆ ಕೊಟ್ಟರು,
ಒಂದು ಗೀರೂ ಇರಲಿಲ್ಲ ಅದಕ್ಕೆ.

ವಾರ್ಡಿನಲ್ಲಿ ಒಬ್ಬಳು ನರ್ಸು, ನಲವತ್ತು ಮಂಚ.
ಮಂಚದ ಕೆಳಗೆ ಚಾಪೆಗಳಲ್ಲಿ ನಾವು,
ತಾಯಂದಿರು, ಅಕ್ಕಂದಿರು, ಬಕೀಟು, ಫ್ಲಾಸ್ಕು, ಬಾಳೆಕಾಯಿ.
ಸಿಸ್ಟರ್ ಅಲುಪೊ ನನ್ನ ಮೊಬೈಲಿನ ಟಾರ್ಚು ಹೊತ್ತಿಸಿ ಹೇಳಿದಳು:
ಗಂಟೆಗೊಮ್ಮೆ ರೆಪ್ಪೆ ಎತ್ತು, ಬೆಳಕು ಬಿಡು.
ಒಳಗಿನ ಕಪ್ಪು ಕುಗ್ಗಬೇಕು, ಎರಡೂ ಒಂದೇ ಸಮ.
ಒಂದು ಹಿಗ್ಗಿ ಹಾಗೇ ನಿಂತರೆ
ನಾನು ಎಲ್ಲಿದ್ದರೂ ಸರಿ, ಹೆಸರು ಹಿಡಿದು ಕೂಗು.
ನಾಚಿಕೊಂಡವರ ಮಕ್ಕಳನ್ನು ನಾನು ಹೊದಿಸಿ ಕಳಿಸಿದ್ದೇನೆ.

ಇದ್ದಿಲು ಆರಿಸುವವಳು ನಾನು.
ಕಪ್ಪಿನೊಳಗೆ ಕಪ್ಪು ಬಲ್ಲೆ:
ಒದ್ದೆ ಕಪ್ಪು, ಚೆನ್ನಾಗಿ ಬೆಂದ ಕಪ್ಪು,
ಬರೀ ಹೊಗೆಯಾಗಿ ಹೋಗುವ ಕಪ್ಪು.

ಒಂದು ಗಂಟೆ. ಸಮ.
ಎರಡು. ಸಮ. ಹೆಸರು ಕೇಳಿದೆ, ಹೇಳಿದ.
ಮೂರು. ಸಮ. ಹೆಸರು ಕೇಳಿದೆ, ಬೈಕಿನ ನಂಬರು ಹೇಳಿದ.
ನಾಲ್ಕಕ್ಕೆ ಗೊರಕೆ.
ಪಕ್ಕದ ಮಂಚದ ಅಜ್ಜಿ ಸೆರಗು ಸರಿಪಡಿಸಿ ಅಂದಳು,
ಪಾಪ, ಈಗಾದರೂ ಕಣ್ಣು ಹತ್ತಿತು, ಎಬ್ಬಿಸಬೇಡ.
ಎಬ್ಬಿಸಿದೆ. ಏಳಲಿಲ್ಲ.
ಎಡಗಣ್ಣಿನ ತುಂಬ ಕಪ್ಪು,
ಬೆಳಕು ಒಳಗೆ ಬಿತ್ತು, ಬಾವಿಗೆ ಬಿದ್ದ ಕಲ್ಲಿನಂತೆ,
ಸದ್ದೇ ಬರಲಿಲ್ಲ.

ಕೂಗಿದೆ. ಇಡೀ ವಾರ್ಡು ಎದ್ದು ಕೂತಿತು.

ಹೊರಗೆ ಬಂದಾಗ ತಲೆಯ ಮೇಲೆ ಹೊಲಿಗೆ,
ಮೂಟೆಯ ಬಾಯಿಗೆ ನಾನು ಹಾಕುವಂಥದೇ,
ಇವರದು ಇನ್ನೂ ನೀಟು.

ಮೂರನೆಯ ದಿನ ಮೂಗಿನಿಂದ ತಿಳಿನೀರು.
ನೆಗಡಿ, ಅಂದರು ಎಲ್ಲರೂ. ಅಲುಪೊ ಬಟ್ಟೆಗೆ ಹಿಡಿದಳು,
ನಡುವೆ ರಕ್ತದ ಚುಕ್ಕೆ, ಸುತ್ತ ಪೇಲವ ಬಳೆ.
ಇದು ಮಿದುಳಿನ ನೀರು. ಸೀನಿಸಬೇಡ, ಸಿಂಬಳ ತೆಗೆಸಬೇಡ,
ತಲೆ ಎತ್ತರಕ್ಕಿರಲಿ, ಜ್ವರ ಬಂದರೆ ಓಡಿ ಬಾ.
ಅದನ್ನೂ ಬರೆದೆ.

ಮನೆಗೆ ಬಂದವನು ಅವನೇ, ಅನ್ನುತ್ತಾರೆ.
ಸೀದ ಕಡಲೆಕಾಯಿ ಗೊಜ್ಜನ್ನು ತಟ್ಟೆ ನೆಕ್ಕಿ ಉಂಡ.
ಹೊಗೆಯೂ ಮೂಗಿಗೆ ತಿಳಿಯುವುದಿಲ್ಲ,
ಅದಕ್ಕೇ ಒಲೆಯನ್ನು ಅಂಗಳಕ್ಕೆ ಎತ್ತಿಟ್ಟೆ.

ಐದನೆಯ ತಿಂಗಳು ಸಂತೆಯ ನಡುವೆ ಬಿದ್ದ, ಸೆಟೆದ, ನಡುಗಿದ.
ಒಬ್ಬ ಚಮಚ ತಂದ ಬಾಯಿಗೆ ತುರುಕಲು,
ಒಬ್ಬ ದೆವ್ವ ಅಂದ.
ಇಬ್ಬರನ್ನೂ ತಳ್ಳಿದೆ. ಮಗ್ಗುಲಿಗೆ ಹೊರಳಿಸಿದೆ,
ತಲೆಯಡಿಗೆ ಖಾಲಿ ಗೋಣಿ, ಕಣ್ಣು ಗಡಿಯಾರದ ಮೇಲೆ.
ಎರಡು ನಿಮಿಷ ಹತ್ತು ಸೆಕೆಂಡು.
ಆಮೇಲೆ ಗೋಣಿ ಕೊಡವಿದರೆ ಉದುರಿದವು
ಅವನು ನುಂಗದೆ ಬಚ್ಚಿಟ್ಟ ಗುಳಿಗೆಗಳು, ಹನ್ನೊಂದು,
ಇದ್ದಿಲ ಪುಡಿ ಮೆತ್ತಿ.

ಯಾಕೆ ಅಂದೆ. ಲೋಟ ಎಸೆದ.
ಅದು ಅವನಲ್ಲ, ಗಾಯ ಹಾಗೆ ಮಾಡಿಸುತ್ತದೆ,
ಫೋನಿನಲ್ಲಿ ಅಂದಳು ಅಲುಪೊ.
ಇರಬಹುದು.
ಏಟು ಬಿದ್ದದ್ದು ಮಾತ್ರ ನನ್ನ ಹುಬ್ಬಿಗೆ.

ಆ ರಾತ್ರಿ ಯಾರೋ ನನ್ನ ರೆಪ್ಪೆ ಎತ್ತಿದರು.
ಬೆಳಕು. ಅದರ ಹಿಂದೆ ಅವನ ಉಸಿರು.
ಈ ಕಣ್ಣು ನೋಡಿದ, ಆ ಕಣ್ಣು ನೋಡಿದ,
ಮತ್ತೆ ಮೊದಲಿನದು.
ಸಮ, ಅಂದ.
ಪುಸ್ತಕ ಹುಡುಕಿ, ನೆಟ್ಟಗೆ ನಿಲ್ಲದ ಅಕ್ಷರದಲ್ಲಿ ಬರೆದಿಟ್ಟ,
ಎಡಪುಟದಲ್ಲಿ,
ನಂಪೀಮಾಳ ಅರ್ಧ ಮೂಟೆಯ ಪಕ್ಕ.